ಸನದು ಹೋಯಿತು, ಜೈಲು ಯಾಕಿಲ್ಲ?
ಕೊಲೆ ಆರೋಪ ಹೊತ್ತಿದ್ದ ಆಂಥನಿ ಗ್ರೇವ್ಸ್ ಪ್ರಕರಣದಲ್ಲಿ ಸಾಕ್ಷ್ಯ ಮುಚ್ಚಿಟ್ಟ ಅಮೆರಿಕದ ಟೆಕ್ಸಸ್ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲ) ಚಾರ್ಲ್ಸ್ ಸೆಬೆಸ್ಟಾಗೆ ವಕೀಲಿ ಸನದು ರದ್ದಾದದ್ದಷ್ಟೇ ಶಿಕ್ಷೆಯಾ ಎಂದು ಕೇಳಿದ್ದೀರಿ. ಜನರ ಸಿಟ್ಟೂ ಅದೇ, ಅದು ನ್ಯಾಯವಾದ ಸಿಟ್ಟು: ನಿರಪರಾಧಿ ಗ್ರೇವ್ಸ್ 18 ವರ್ಷ ಸೆರೆಯಲ್ಲಿದ್ದರು. ಆದರೆ ಸನದು ರದ್ದು ಮಾಡುವ ವಕೀಲರ ಸಂಸ್ಥೆ ಬಾರ್‌ಗೆ ಜೈಲಿಗೆ ಕಳಿಸುವ ಅಧಿಕಾರವಿಲ್ಲ. ಸಿವಿಲ್ ದಾವೆ ಹೂಡೋಣವೆಂದರೆ, ಪ್ರಾಸಿಕ್ಯೂಟರ್ ಮೊಕದ್ದಮೆ ನಡೆಸುವಾಗ ಮಾಡಿದ ಕೆಲಸಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1976ರ ಇಂಬ್ಲರ್ ತೀರ್ಪು ಪೂರ್ಣ ರಕ್ಷಣೆ ಕೊಟ್ಟಿದೆ, ದುರುದ್ದೇಶವಿದ್ದರೂ ಸರಿ. ನನಗೆ ಇದೇ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇನ್ನೊಂದು ತೊಡಕು ಕಾಲಮಿತಿ. ಬಚ್ಚಿಟ್ಟ ಸಾಕ್ಷ್ಯ ಹೊರಬೀಳುವ ಹೊತ್ತಿಗೆ ಬಾರ್‌ಗೆ ದೂರು ಕೊಡುವ ಗಡುವು ಮುಗಿದಿರುತ್ತದೆ. ಟೆಕ್ಸಸ್ 2013ರಲ್ಲಿ ಕಾನೂನು ತಿದ್ದಿ, 4 ವರ್ಷದ ಗಡುವನ್ನು ಬಿಡುಗಡೆಯ ದಿನದಿಂದ ಎಣಿಸುವಂತೆ ಮಾಡಿತು. 2010ರಲ್ಲಿ ಹೊರಬಂದ ಗ್ರೇವ್ಸ್ 2014ರಲ್ಲಿ ದೂರು ಕೊಟ್ಟದ್ದು ಹೀಗೆ. ಮರುವರ್ಷ ಸನದು ಹೋಯಿತು.

ದೂರಿನಲ್ಲಿ "ಮೋಸ ಮಾಡಿದರು" ಎಂದರೆ ನಿಲ್ಲುವುದಿಲ್ಲ. ಯಾವ ಸಾಕ್ಷ್ಯ, ಪ್ರಾಸಿಕ್ಯೂಟರ್‌ಗೆ ಯಾವಾಗ ತಿಳಿಯಿತು, ಆರೋಪಿಯ ವಕೀಲರಿಗೆ ಕೊಡಲಿಲ್ಲವೆಂಬುದಕ್ಕೆ ದಾಖಲೆ ಏನು, ಇವು ಬೇಕು. ಇಲ್ಲಿ ಮುಖ್ಯ ಸಾಕ್ಷಿ ರಾಬರ್ಟ್ ಕಾರ್ಟರ್ ಸಾಕ್ಷಿ ಹೇಳುವ ಹಿಂದಿನ ರಾತ್ರಿಯೇ "ನಾನೊಬ್ಬನೇ ಮಾಡಿದ್ದು" ಎಂದದ್ದನ್ನು ಸೆಬೆಸ್ಟಾ ಮುಚ್ಚಿಟ್ಟಿದ್ದರು.

ಜೈಲು ಆದದ್ದೇ ಇಲ್ಲವೆಂದಲ್ಲ. ಟೆಕ್ಸಸ್‌ನದೇ ಮೈಕಲ್ ಮಾರ್ಟನ್ ಪ್ರಕರಣದ ಪ್ರಾಸಿಕ್ಯೂಟರ್ ಕೆನ್ ಆಂಡರ್ಸನ್‌ಗೆ 2013ರಲ್ಲಿ ನ್ಯಾಯಾಂಗ ನಿಂದನೆಗಾಗಿ 10 ದಿನ ಜೈಲು ವಿಧಿಸಿದರು. ನಿರಪರಾಧಿ ಮಾರ್ಟನ್ ಸೆರೆಯಲ್ಲಿ ಕಳೆದದ್ದು ಸುಮಾರು 25 ವರ್ಷ.