'ಪಿಗ್ಮೇಲಿಯನ್' ವಾಚನ: ಯಾವ ಪಠ್ಯ, ಯಾವ ಕೊನೆ?

ಸ್ನೇಹಿತರೆ, ನಿಮ್ಮ ಬಳಗವು ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕವನ್ನು ಕನ್ನಡಕ್ಕೆ ತಂದುಕೊಂಡು ಸಭಿಕರ ಮುಂದೆ ಓದಬೇಕೆಂದಿದೆ, ಆದರೆ ಹೆಚ್ಚಿನ ಸದಸ್ಯರು ಅದನ್ನು ಆಧರಿಸಿದ 'ಮೈ ಫೇರ್ ಲೇಡಿ' ಚಿತ್ರವನ್ನಷ್ಟೇ ನೋಡಿರುವುದರಿಂದ ಹೂ ಮಾರುವ ಹುಡುಗಿ ಎಲೈಜಾ ಕೊನೆಗೆ, ತನಗೆ ಶಿಷ್ಟ ಮಾತು ಕಲಿಸಿದ ಧ್ವನಿಶಾಸ್ತ್ರಜ್ಞ ಹಿಗಿನ್ಸನ ಬಳಿಗೆ ಮರಳಲೇಬೇಕೆಂದು ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀರಿ. ಯಾವ ಪಠ್ಯವನ್ನು ಹಿಡಿಯಬೇಕು, ಎಲೈಜಾಳ ಮಾತನ್ನು ಕನ್ನಡಕ್ಕೆ ಹೇಗೆ ತರಬೇಕು ಎಂದೂ ಕೇಳಿದ್ದೀರಿ. ನನಗೆ ಬಹಳ ಪ್ರಿಯವಾದ ನಾಟಕವಾದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಪಠ್ಯಗಳು ಮುಖ್ಯವಾಗಿ ಎರಡು. 1916ರಲ್ಲಿ ಪುಸ್ತಕವಾಗಿ ಬಂದದ್ದು ಒಂದು. 1938ರ 'ಪಿಗ್ಮೇಲಿಯನ್' ಚಲನಚಿತ್ರಕ್ಕಾಗಿ ಬರೆದ ದೃಶ್ಯಗಳನ್ನು ಸೇರಿಸಿ 1941ರಲ್ಲಿ ಪ್ರಕಟವಾದದ್ದು ಇನ್ನೊಂದು. ವಾಚನಕ್ಕೆ ಮೊದಲಿನದೇ ಮೇಲು. ಅದರ ಐದು ಅಂಕಗಳೂ ಮೂರೇ ಸ್ಥಳಗಳಲ್ಲಿ ನಡೆಯುತ್ತವೆ: ಕೋವೆಂಟ್ ಗಾರ್ಡನ್ನಿನ ಚರ್ಚಿನ ಮುಂಭಾಗ, ವಿಂಪೋಲ್ ಬೀದಿಯಲ್ಲಿರುವ ಹಿಗಿನ್ಸನ ಪ್ರಯೋಗಶಾಲೆ, ಅವನ ತಾಯಿಯ ದಿವಾನಖಾನೆ. ಇನ್ನೂ ಮುಖ್ಯವಾದ ಕಾರಣವೆಂದರೆ, ಎಲೈಜಾ ಸಿರಿವಂತರ ನಡುವೆ ಅವರಲ್ಲೊಬ್ಬಳೆನಿಸಿಕೊಂಡು ಗೆದ್ದುಬರುವ ಔತಣಕೂಟ ಈ ಪಠ್ಯದಲ್ಲಿ ಕಾಣಿಸುವುದೇ ಇಲ್ಲ. ನಾಲ್ಕನೆಯ ಅಂಕ ಮಧ್ಯರಾತ್ರಿಯಲ್ಲಿ ತೆರೆದಾಗ ಆ ಗೆಲುವಿನ ಸುದ್ದಿ ಹಿಗಿನ್ಸ್ ಮತ್ತು ಅವನ ಗೆಳೆಯ ಕರ್ನಲ್ ಪಿಕರಿಂಗ್, ಈ ಇಬ್ಬರು ಗಂಡಸರ ದಣಿದ ಮಾತಿನಲ್ಲಿ ಮಾತ್ರ ಕೇಳಿಸುತ್ತದೆ. ಗೆದ್ದವಳು ಮೂಲೆಯಲ್ಲಿ ಮಾತಿಲ್ಲದೆ ಕುಳಿತಿರುತ್ತಾಳೆ. ಚಿತ್ರಗಳು ಆ ಕೂಟವನ್ನು ವೈಭವದಿಂದ ತೋರಿಸಿದ್ದರಿಂದ ಈ ಮೌನದ ಭಾರ ಕಡಿಮೆಯಾಯಿತೆಂದೇ ನನ್ನ ಅಭಿಪ್ರಾಯ.

ಹಕ್ಕುಗಳ ಬಗ್ಗೆ ಒಂದು ಮಾತು. ಷಾ 1950ರಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಹಕ್ಕು ಇರುವುದರಿಂದ ಮೂಲ ನಾಟಕವನ್ನು ನೀವೇ ಅನುವಾದಿಸಿಕೊಳ್ಳಬಹುದು. 'ಮೈ ಫೇರ್ ಲೇಡಿ'ಯ ಹಾಡುಗಳಿಗೆ ಈ ಸ್ವಾತಂತ್ರ್ಯವಿಲ್ಲ. ಜಯಂತ ಕಾಯ್ಕಿಣಿಯವರ ಕನ್ನಡ ರೂಪಾಂತರ 'ಸೇವಂತಿ ಪ್ರಸಂಗ'ವನ್ನೇ ಓದುವುದಾದರೆ ಅವರ ಅನುಮತಿ ಪಡೆಯಿರಿ.

ಇನ್ನು ಎಲೈಜಾಳ ಮಾತು. ಲಂಡನ್ನಿನ ದುಡಿಯುವ ವರ್ಗದ ಆಡುಮಾತಾದ ಕಾಕ್ನಿಯನ್ನು ಅಕ್ಷರಶಃ ಬರೆಯಲು ಹೊರಟ ಷಾ, ಮೊದಲ ಅಂಕದ ಕೆಲವೇ ಸಾಲುಗಳ ನಂತರ, ಲಂಡನ್ನಿನ ಹೊರಗಿನವರಿಗೆ ಇದು ಅರ್ಥವಾಗದೆಂದು ಓದುಗರ ಕ್ಷಮೆ ಕೇಳಿ ಆ ಪ್ರಯತ್ನವನ್ನು ಕೈಬಿಟ್ಟಿದ್ದಾರೆ. ನೀವೂ ಯಾವುದೋ ಒಂದು ಸೀಮೆಯ ಭಾಷೆಯನ್ನು ಪೂರ್ತಿಯಾಗಿ ಅನುಕರಿಸಲು ಹೋಗಬೇಡಿ. ಅದು ಆ ಸೀಮೆಯವರನ್ನು ಅಣಕಿಸಿದಂತಾಗುತ್ತದೆ. ಒಂದೆರಡು ಗುರುತುಗಳು ಸಾಕು. ಕಾಕ್ನಿಯಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುತ್ತದೆ, ಹಾಗಾಗಿಯೇ 1938ರ ಚಿತ್ರದಲ್ಲಿ ಹಿಗಿನ್ಸ್ ಅವಳಿಗೆ ಹಕಾರದಿಂದ ತೊಡಗುವ ಊರಿನ ಹೆಸರುಗಳ ಸಾಲನ್ನು ಉರು ಹೊಡೆಸುತ್ತಾನೆ. ನಮ್ಮಲ್ಲಿಯೂ 'ಹಾಲು' 'ಆಲು' ಆಗುವುದು, 'ಹೂವು' 'ಊವು' ಆಗುವುದು ಉಂಟು. ಹೂ ಮಾರುವವಳು ತಾನು ಮಾರುವ ವಸ್ತುವನ್ನೇ 'ಊವು' ಎಂದು ಕೂಗಿದರೆ ಕನ್ನಡದ ಕಿವಿಗೆ ಬೇರೆ ವಿವರಣೆ ಬೇಕಿಲ್ಲ.

ಮೂರನೆಯ ಅಂಕದಲ್ಲಿ, ಹಿಗಿನ್ಸನ ತಾಯಿಯ ಮನೆಗೆ ಬಂದ ಅತಿಥಿಗಳ ಮುಂದೆ, ಈ ಹಕಾರ ಅಚ್ಚುಕಟ್ಟಾಗಿ ಮರಳಿ ಬರಬೇಕು. ಆದರೆ ಮಾತಿನ ವಿಷಯ ಮಾತ್ರ ಹಳೆಯದೇ: ಚಿಕ್ಕಮ್ಮ ಜ್ವರದಿಂದ ಸತ್ತಳೆನ್ನುವುದು ಸುಳ್ಳು, ಅವಳ ಹೊಸ ಹುಲ್ಲಿನ ಟೋಪಿಯನ್ನು ಕದ್ದವರೇ ಅವಳನ್ನು ಮುಗಿಸಿದರು ಎಂದು ಎಲೈಜಾ ನುಣುಪಾದ ಉಚ್ಚಾರಣೆಯಲ್ಲಿ ಹೇಳುತ್ತಾಳೆ. ಓದುವವರು ಇಲ್ಲಿ ಕಿಂಚಿತ್ತೂ ನಗಬಾರದು. ಅವಳು ತಮಾಷೆ ಮಾಡುತ್ತಿಲ್ಲ, ಮನೆಯ ನೋವನ್ನು ಹೇಳಿಕೊಳ್ಳುತ್ತಿದ್ದಾಳೆ. ಪಾತ್ರಕ್ಕೆ ಎಳೆಯ ವಯಸ್ಸಿನವರೇ ಬೇಕೆಂಬ ಚಿಂತೆಯನ್ನೂ ಬಿಡಿ. 1914ರ ಏಪ್ರಿಲ್ 11ರಂದು ಲಂಡನ್ನಿನ ಹಿಸ್ ಮೆಜೆಸ್ಟೀಸ್ ರಂಗಮಂದಿರದಲ್ಲಿ ಎಲೈಜಾ ಆಗಿದ್ದ ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್ ಅವರಿಗೆ ಆಗ 49 ವರ್ಷ.

ಇಂಗ್ಲಿಷಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಕರ್ನಲ್ ಪಿಕರಿಂಗ್ ಮೊದಲ ದಿನ ತನ್ನನ್ನು 'ಮಿಸ್ ಡೂಲಿಟಲ್' ಎಂದು ಕರೆದಾಗಲೇ ತನ್ನಲ್ಲಿ ಆತ್ಮಗೌರವ ಮೊಳೆಯಿತೆಂದು ಎಲೈಜಾ ಐದನೆಯ ಅಂಕದಲ್ಲಿ ನೆನೆಯುತ್ತಾಳೆ. ಆದ್ದರಿಂದ ಪಿಕರಿಂಗ್ ಅವಳನ್ನು ಆರಂಭದಿಂದಲೂ 'ನೀವು' ಎನ್ನಲಿ. ಹಿಗಿನ್ಸ್ ಕೊನೆಯವರೆಗೂ 'ನೀನು' ಎನ್ನಲಿ, ಅವಳಿಗೆ ಮಾತ್ರವಲ್ಲ, ತಾಯಿಗೂ ಪಿಕರಿಂಗಿಗೂ. ತಾನು ಎಲ್ಲರನ್ನೂ ಒಂದೇ ರೀತಿ ಕಾಣುತ್ತೇನೆಂಬ ಅವನ ಸಮರ್ಥನೆಗೆ ಆಗ ಬಲ ಬರುತ್ತದೆ.

ನಾಟಕದ ಕೊನೆ ಹೇಗಿರಬೇಕೆಂಬ ಜಗಳ ಹೊಸದಲ್ಲ. ಮೊದಲ ಲಂಡನ್ ಪ್ರಯೋಗದಲ್ಲಿಯೇ ಹಿಗಿನ್ಸ್ ಆಗಿದ್ದ ಹರ್ಬರ್ಟ್ ಬೀರ್‌ಬೋಮ್ ಟ್ರೀ ತೆರೆ ಬೀಳುವ ಮುನ್ನ ಎಲೈಜಾಳತ್ತ ಹೂ ಎಸೆದು ಪ್ರೇಮದ ಸೂಚನೆ ಕೊಟ್ಟಿದ್ದರು. ಷಾ ಅದನ್ನು ಒಪ್ಪಲಿಲ್ಲ; 1916ರ ಪುಸ್ತಕಕ್ಕೆ ದೀರ್ಘ ಹಿನ್ನುಡಿ ಬರೆದು, ಅವಳು ತನ್ನನ್ನು ಮೆಚ್ಚಿದ ತರುಣ ಫ್ರೆಡ್ಡಿಯನ್ನು ಮದುವೆಯಾಗಿ ಹೂವಿನ ಅಂಗಡಿ ತೆರೆದಳೆಂದು ಸ್ಪಷ್ಟಪಡಿಸಿದರು. ಆದರೂ 1938ರ ಚಿತ್ರದಲ್ಲಿ ಅವಳು ಮರಳಿ ಬರುತ್ತಾಳೆ, ಹಿಗಿನ್ಸ್ ತನ್ನ ಚಪ್ಪಲಿ ಎಲ್ಲಿ ಎಂದು ಕೇಳುತ್ತಾನೆ. 'ಮೈ ಫೇರ್ ಲೇಡಿ'ಯ 1956ರ ಬ್ರಾಡ್‌ವೇ ಸಂಗೀತ ನಾಟಕವೂ 1964ರ ಚಿತ್ರವೂ ಇದೇ ಕೊನೆಯನ್ನು ಉಳಿಸಿಕೊಂಡವು. 2018ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಬಾರ್ಟ್‌ಲೆಟ್ ಶೇರ್ ನಿರ್ದೇಶಿಸಿದಾಗ ಮಾತ್ರ, ಅದೇ ಸಂಗೀತ ನಾಟಕದಲ್ಲಿ, ಎಲೈಜಾ ಅವನನ್ನು ಬಿಟ್ಟು ನಡೆದುಹೋದಳು.

ನಿಮ್ಮ ಸದಸ್ಯರೊಡನೆ ವಾದಿಸುವ ಬದಲು ನಾಲ್ಕನೆಯ ಅಂಕವನ್ನು ಎರಡು ಮೂರು ಬಾರಿ ಗಟ್ಟಿಯಾಗಿ ಓದಿಸಿ. ಅಲ್ಲಿ ಅವಳು ಅದೇ ಚಪ್ಪಲಿಗಳನ್ನು ತಂದು ಅವನ ಮುಂದೆ ಇಡುತ್ತಾಳೆ, ಅವನು ಗಮನಿಸುವುದೂ ಇಲ್ಲ. ಕೊನೆಗೆ ಅವನ್ನು ಅವನ ಮುಖಕ್ಕೇ ಎಸೆಯುತ್ತಾಳೆ. ಆ ಸಿಟ್ಟನ್ನು ತಮ್ಮ ಬಾಯಿಂದಲೇ ಹೇಳಿದವರಿಗೆ, ಅವಳು ಮತ್ತೆ ಅವನ್ನು ಹುಡುಕಿಕೊಡುವ ಕೊನೆ ರುಚಿಸುವುದು ಕಷ್ಟ. ನಿಮ್ಮ ವಾಚನಕ್ಕೆ ಬೇರೆ ರಂಗಸಾಮಗ್ರಿ ಬೇಡ, ಒಂದು ಜೊತೆ ಚಪ್ಪಲಿ ಇರಲಿ. ನಾಲ್ಕನೆಯ ಅಂಕದಲ್ಲಿ ಎಸೆದ ಮೇಲೆ ಯಾರೂ ಅವನ್ನು ಎತ್ತಿಡದಿರಲಿ. ಐದನೆಯ ಅಂಕದಲ್ಲಿ ಹಿಗಿನ್ಸ್ ಕೈಗವಸು ಕೊಂಡು ತಾ ಎಂದಾಗ, ನೀವೇ ಕೊಂಡುಕೊಳ್ಳಿ ಎಂದು ಹೇಳಿ ಎಲೈಜಾ ಅವುಗಳ ಪಕ್ಕದಲ್ಲಿಯೇ ನಡೆದು ಹೊರಹೋಗಲಿ.