ಒಪ್ಪಂದಕ್ಕೆ ಎರಡು ಸಹಿಗಳಿದ್ದವು: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ನಮಸ್ಕಾರ. ‘ಡೆಟ್ರಾಯಿಟಿನ ಪತನ ಮತ್ತು ಕಾರ್ಮಿಕ ಸಂಘದ ಅತಿಯಾಸೆ’ ಎಂಬ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಎರಡು ಸಾಲಿನ ವಿಷಾದಪತ್ರದೊಡನೆ ಹಿಂದಿರುಗಿಸಬಹುದಾದ ಬರಹವೂ ಅದಲ್ಲವಾದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನಿಮ್ಮ ಗದ್ಯ ಸ್ವಚ್ಛವಾಗಿದೆ, ಓದಿನ ಶ್ರಮವೂ ಕಾಣುತ್ತದೆ, ದೋಷವಿರುವುದು ವಾದದಲ್ಲಿ.

ಆ ವಾದ ಇಷ್ಟು: ಅಮೆರಿಕದ ಕಾರು ಉದ್ಯಮದ ಕೇಂದ್ರವಾದ ಡೆಟ್ರಾಯಿಟಿನಲ್ಲಿ ಕಾರು ಕಾರ್ಮಿಕರ ಯುನೈಟೆಡ್ ಆಟೋ ವರ್ಕರ್ಸ್ ಸಂಘವು ದಶಕಗಳ ಕಾಲ ಸಂಬಳ, ಪಿಂಚಣಿ, ವೈದ್ಯಕೀಯ ವಿಮೆ ಎಂದು ಕೇಳುತ್ತಲೇ ಹೋಯಿತು, ಕಂಪನಿಗಳು ಹೆದರಿ ಕೊಡುತ್ತಲೇ ಹೋದವು, ಕೊನೆಗೆ ಹೊರೆ ತಾಳಲಾರದೆ 2009ರ ಏಪ್ರಿಲ್ 30ರಂದು ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ನ್ಯಾಯಾಲಯದ ಬಾಗಿಲು ತಟ್ಟಿದವು. ಹೊರೆ ಇತ್ತೆಂಬುದು ನಿಜ. ಆದರೆ ಆ ಪ್ರತಿಯೊಂದು ಒಪ್ಪಂದಕ್ಕೂ ಎರಡು ಸಹಿಗಳಿದ್ದವು, ನೀವು ಒಂದನ್ನು ಮಾತ್ರ ಓದಿದ್ದೀರಿ. ಇನ್ನೊಂದು ಸಹಿ ಏಕೆ ಬಿತ್ತು, ಹಾಕಿದವರು ಅದರಿಂದ ಏನು ಪಡೆದುಕೊಂಡರು ಎಂದು ಕೇಳದೆಯೇ ಸಂಘದ ತಲೆಯ ಮೇಲೆ ಗೂಬೆ ಕೂರಿಸಿದ್ದೀರಿ.

ನಿಮ್ಮ ಲೇಖನದಲ್ಲಿ ಒಂದೇ ವಾಕ್ಯಕ್ಕೆ ಇಳಿದಿರುವ 1945ರಿಂದ 1950ರವರೆಗಿನ ಐದು ವರ್ಷಗಳೇ ಈ ವಿಷಯದ ತಿರುಳು. ಯುದ್ಧ ಮುಗಿದ ಕೂಡಲೇ, 1945ರ ನವೆಂಬರಿನಲ್ಲಿ, ಸಂಘದ ನಾಯಕ ವಾಲ್ಟರ್ ರೂಥರ್ ನೇತೃತ್ವದಲ್ಲಿ ಜನರಲ್ ಮೋಟಾರ್ಸ್ ನೌಕರರು 113 ದಿನಗಳ ಮುಷ್ಕರ ಹೂಡಿದರು. ಅವರ ಬೇಡಿಕೆ ಬರಿಯ ಶೇಕಡ 30ರ ಸಂಬಳ ಏರಿಕೆಯಾಗಿರಲಿಲ್ಲ. ಕಾರಿನ ಬೆಲೆ ಏರಿಸದೆ ಅದನ್ನು ಕೊಡಬೇಕು, ಕೊಡಲಾಗದೆಂದರೆ ಲೆಕ್ಕದ ಪುಸ್ತಕಗಳನ್ನು ತೆರೆದು ತೋರಿಸಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಕಂಪನಿ ತಾನು ಕೊಡುವ ಹಣದ ಬಗ್ಗೆ ಚೌಕಾಸಿಗೆ ಸಿದ್ಧವಿತ್ತು, ಪುಸ್ತಕ ತೆರೆಯಲು ಮಾತ್ರ ಸುತರಾಂ ಒಪ್ಪಲಿಲ್ಲ. ಯಾವ ಕಾರು ತಯಾರಿಸಬೇಕು, ಎಷ್ಟು ಬೆಲೆಗೆ ಮಾರಬೇಕು, ಬಂಡವಾಳವನ್ನು ಎಲ್ಲಿ ಹೂಡಬೇಕು ಎಂಬುದು ಆಡಳಿತ ವರ್ಗದ ಹಕ್ಕು ಎಂಬ ನಿಲುವನ್ನು ಅದು ಕೊನೆಯವರೆಗೂ ಬಿಡಲಿಲ್ಲ. ಮುಷ್ಕರ ಮುಗಿದಾಗ ಸಂಘಕ್ಕೆ ಸಿಕ್ಕಿದ್ದು ಗಂಟೆಗೆ ಹದಿನೆಂಟೂವರೆ ಸೆಂಟ್. ಲೆಕ್ಕದ ಪುಸ್ತಕ ಮುಚ್ಚಿಯೇ ಉಳಿಯಿತು.

ಅದೇ ವರ್ಷ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾಪ ಮಂಡಿಸಿದರು. ರೂಥರ್ ಜೀವನದುದ್ದಕ್ಕೂ ಬಯಸಿದ್ದು ಇದನ್ನೇ, ಎಂದರೆ ಕಾಯಿಲೆಯ ಮತ್ತು ಮುಪ್ಪಿನ ಖರ್ಚನ್ನು ಕಾರ್ಖಾನೆಯ ಬದಲು ಸರ್ಕಾರವೇ ಹೊರಬೇಕೆಂದು. ವೈದ್ಯರ ಸಂಘ ಮುಂಚೂಣಿಯಲ್ಲಿ ನಿಂತು ವಿರೋಧಿಸಿದ್ದರಿಂದ ಆ ಪ್ರಸ್ತಾಪ ಬಿದ್ದುಹೋಯಿತು. ಸಾರ್ವಜನಿಕವಾಗಿ ಸಿಗದೇ ಹೋದದ್ದನ್ನು ಸಂಘವು ಕಂಪನಿಯಿಂದಲೇ ಕೇಳತೊಡಗಿದ್ದು ಈ ಹಿನ್ನೆಲೆಯಲ್ಲಿ. 1950ರಲ್ಲಿ ‘ಡೆಟ್ರಾಯಿಟ್ ಒಡಂಬಡಿಕೆ’ ಎಂದು ಹೆಸರಾದ ಐದು ವರ್ಷಗಳ ಒಪ್ಪಂದಕ್ಕೆ ಜನರಲ್ ಮೋಟಾರ್ಸ್ ಸಹಿ ಹಾಕಿತು. ಪಿಂಚಣಿ, ವೈದ್ಯಕೀಯ ವಿಮೆಯಲ್ಲಿ ಕಂಪನಿಯ ಪಾಲು, ಬೆಲೆ ಏರಿಕೆಗೆ ತಕ್ಕ ತುಟ್ಟಿಭತ್ಯೆ, ವರ್ಷವರ್ಷದ ಏರಿಕೆ, ಇವೆಲ್ಲ ಅದರಲ್ಲಿದ್ದವು. ಪ್ರತಿಯಾಗಿ ಕಂಪನಿಗೆ ಐದು ವರ್ಷ ಸಂಬಳದ ಮುಷ್ಕರವಿಲ್ಲದ ನೆಮ್ಮದಿಯೂ ಕಾರಿನ ಕುರಿತ ಎಲ್ಲ ತೀರ್ಮಾನಗಳ ಮೇಲೆ ನಿರ್ಬಾಧಿತ ಹಿಡಿತವೂ ದೊರೆತವು. ಅಮೆರಿಕದ ಮಾರುಕಟ್ಟೆಯ ಸುಮಾರು ಅರ್ಧವನ್ನು ಒಂದೇ ಕಂಪನಿ ಆಳುತ್ತಿದ್ದ ಕಾಲದಲ್ಲಿ ಇದು ಅದಕ್ಕೆ ಅಗ್ಗದ ವ್ಯಾಪಾರವಾಗಿತ್ತು. ನಿವೃತ್ತರ ಖರ್ಚು ಮುಂದಿನ ತಲೆಮಾರಿನ ಲೆಕ್ಕಕ್ಕೆ ಹೋಗುವುದೆಂದು ಎರಡೂ ಕಡೆಯವರಿಗೆ ತಿಳಿದಿತ್ತು, ಅದರ ಬಗ್ಗೆ ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಇಷ್ಟನ್ನು ನೀವು ಬರೆದಿದ್ದರೆ ‘ಹೆದರಿ ಕೊಟ್ಟರು’ ಎಂಬ ನಿಮ್ಮ ಮಾತು ತಾನಾಗಿಯೇ ಉದುರಿಹೋಗುತ್ತಿತ್ತು. (ಕಂಪನಿ ಮುಳುಗಿದರೆ ಪಿಂಚಣಿಯ ಗತಿ ಏನಾಗುತ್ತದೆಂದು ತಿಳಿಯಲು 1963ರ ಡಿಸೆಂಬರಿನಲ್ಲಿ ಇಂಡಿಯಾನಾದ ಸೌತ್ ಬೆಂಡ್ ಕಾರ್ಖಾನೆಯನ್ನು ಮುಚ್ಚಿದ ಸ್ಟೂಡಿಬೇಕರ್ ಎಂಬ ಕಾರು ಕಂಪನಿಯ ಕಥೆಯನ್ನೂ ಓದಿ. ಪಿಂಚಣಿ ರಕ್ಷಣೆಯ 1974ರ ಕಾಯ್ದೆಯ ಹಿಂದೆ ಆ ನೌಕರರ ನಷ್ಟವಿದೆ.)

ಇನ್ನು ‘ಕಾರು ಕಾರ್ಮಿಕನ ಸಂಬಳ ಗಂಟೆಗೆ 70 ಡಾಲರಿಗೂ ಹೆಚ್ಚು’ ಎಂಬ ನಿಮ್ಮ ಸಾಲು. ಕಾರು ಕಂಪನಿಗಳಿಗೆ ಸರ್ಕಾರ ನೆರವು ಕೊಡಬೇಕೇ ಎಂಬ 2008ರ ಗದ್ದಲದಲ್ಲಿ ಈ ಅಂಕಿ ಎಲ್ಲೆಡೆ ಓಡಾಡಿತು, ಆದರೆ ಅದು ಸಂಬಳವಲ್ಲ. ಅನುಭವಿ ಕಾರ್ಮಿಕನ ಕೈಗೆ ಬರುತ್ತಿದ್ದುದು ಗಂಟೆಗೆ ಸುಮಾರು 28 ಡಾಲರ್. ಅದಕ್ಕೆ ವಿಮೆ, ರಜೆ, ಹೆಚ್ಚುವರಿ ಪಾಳಿಯ ಹಣವನ್ನು ಕೂಡಿಸಿ, ಅದರ ಮೇಲೆ ಲಕ್ಷಾಂತರ ನಿವೃತ್ತರ ಖರ್ಚನ್ನು ಆಗ ದುಡಿಯುತ್ತಿದ್ದವರ ಗಂಟೆಗಳಿಗೆ ಹಂಚಿದಾಗ ಆ ಮೊತ್ತ ಬರುತ್ತಿತ್ತು. ಕಾರ್ಮಿಕರ ಸಂಖ್ಯೆ ಕುಗ್ಗಿದಷ್ಟೂ ಅದು ಏರುತ್ತಿತ್ತು, ಯಾರ ಸಂಬಳವೂ ಏರದಿದ್ದರೂ ಸಹ. ಓಹಿಯೋದ ಮೇರಿಸ್‌ವಿಲ್‌ನಲ್ಲಿ 1982ರಲ್ಲಿ ಹೋಂಡಾ, ಟೆನೆಸಿಯ ಸ್ಮರ್ನಾದಲ್ಲಿ 1983ರಲ್ಲಿ ನಿಸಾನ್, ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ 1988ರಲ್ಲಿ ಟೊಯೋಟಾ ಕಾರು ಅಥವಾ ಪಿಕಪ್ ಟ್ರಕ್ ತಯಾರಿಸತೊಡಗಿದಾಗ ಅವುಗಳಿಗೆ ಅಮೆರಿಕದಲ್ಲಿ ನಿವೃತ್ತರೇ ಇರಲಿಲ್ಲ. ಅವುಗಳಲ್ಲಿ ಸಂಘವಿರಲಿಲ್ಲ ಎಂಬುದನ್ನಷ್ಟೇ ಬರೆದು ಈ ವ್ಯತ್ಯಾಸವನ್ನು ಬಿಟ್ಟರೆ ಓದುಗರ ದಾರಿ ತಪ್ಪಿಸಿದಂತಾಗುತ್ತದೆ. ಡೆಟ್ರಾಯಿಟ್ ನದಿಯ ಆಚೆ ದಡದ ಕೆನಡಾದಲ್ಲಿ ಚಿಕಿತ್ಸೆಯ ಬಹುಪಾಲು ಖರ್ಚನ್ನು ಸರ್ಕಾರವೇ ಹೊರುತ್ತಿತ್ತು ಎಂಬುದನ್ನೂ ಇಲ್ಲಿಯೇ ಸೇರಿಸಿ.

‘ಸಂಘವಿದ್ದ ಕಡೆ ಗುಣಮಟ್ಟ ಇರಲಿಲ್ಲ’ ಎಂಬ ನಿಮ್ಮ ಮೂರನೆಯ ಭಾಗದ ತೀರ್ಪಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಉತ್ತರವಿದೆ. ಗೈರುಹಾಜರಿ, ಕುಡಿತ, ನಿಲ್ಲದ ಜಗಳಗಳಿಗೆ ಕುಖ್ಯಾತವಾಗಿದ್ದ ಅಲ್ಲಿನ ಕಾರ್ಖಾನೆಯನ್ನು ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿತು. ಎರಡು ವರ್ಷಗಳ ನಂತರ ಟೊಯೋಟಾದೊಡನೆ ಪಾಲುದಾರಿಕೆಯಲ್ಲಿ ಅದು ‘ನುಮ್ಮಿ’ ಎಂಬ ಹೆಸರಿನಲ್ಲಿ ತೆರೆದಾಗ ಬಹುಪಾಲು ಹಳೆಯ ಕಾರ್ಮಿಕರೇ ಹಿಂದಿರುಗಿದರು, ಸಂಘವೂ ಅದೇ ಆಗಿತ್ತು. ಬದಲಾದದ್ದು ಕೆಲಸದ ವ್ಯವಸ್ಥೆ: ದೋಷ ಕಂಡ ಯಾವ ಕಾರ್ಮಿಕನೂ ಹಗ್ಗ ಎಳೆದು ಜೋಡಣಾ ಸಾಲನ್ನು ನಿಲ್ಲಿಸಬಹುದಿತ್ತು. ಹಳೆಯ ಆಡಳಿತದಲ್ಲಿ ಸಾಲು ನಿಲ್ಲಿಸುವುದು ಮಹಾಪರಾಧವಾಗಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳು ಗುಣಮಟ್ಟದಲ್ಲಿ ಜಪಾನಿನಿಂದ ಬರುತ್ತಿದ್ದ ಕಾರುಗಳಿಗೆ ಸಮೀಪ ನಿಂತವು. ಈ ಪಾಠವನ್ನು ಉಳಿದ ಕಾರ್ಖಾನೆಗಳಿಗೆ ಹರಡಲು ಜನರಲ್ ಮೋಟಾರ್ಸಿಗೆ ಏಕೆ ಅಷ್ಟು ವರ್ಷ ಹಿಡಿಯಿತು ಎಂಬ ಪ್ರಶ್ನೆಯೊಂದರ ಮೇಲೆಯೇ ನೀವು ಇಡೀ ಲೇಖನ ಕಟ್ಟಬಹುದು. ನನಗಂತೂ ಅದನ್ನು ಓದುವ ಆಸೆಯಿದೆ.

ಹಾಗೆಂದು ಸಂಘವನ್ನು ದೋಷಮುಕ್ತಗೊಳಿಸಿ ಬರೆಯಿರೆಂದು ನಾನು ಕೇಳುತ್ತಿಲ್ಲ. ವಿಚಿತ್ರವೆಂದರೆ, ಸಂಘವನ್ನು ದೂರುವ ನಿಮ್ಮ ಲೇಖನದಲ್ಲಿ ಸಂಘದ ನಿಜವಾದ ತಪ್ಪುಗಳೇ ಇಲ್ಲ. ಕೆಲಸವಿಲ್ಲದಾಗಲೂ ನೌಕರರಿಗೆ ಹೆಚ್ಚುಕಡಿಮೆ ಪೂರ್ತಿ ಸಂಬಳ ಕೊಡುತ್ತಿದ್ದ ‘ಜಾಬ್ಸ್ ಬ್ಯಾಂಕ್’ 1984ರಲ್ಲಿ ಆರಂಭವಾಗಿ 2009ರವರೆಗೆ ಎಳೆದಾಡಿತು. ಅದು ಯಂತ್ರಗಳು ನುಂಗುವ ಕೆಲಸಕ್ಕೆ ರಕ್ಷಣೆಯಾಗಿ ಹುಟ್ಟಿದ್ದರೂ ಕೊನೆಗೆ ಸಮರ್ಥಿಸಲಾಗದ ವೆಚ್ಚವಾಯಿತು. 2007ರ ಒಪ್ಪಂದದಲ್ಲಿ ಹೊಸಬರಿಗೆ ಗಂಟೆಗೆ ಸುಮಾರು 14 ಡಾಲರ್, ಪಕ್ಕದಲ್ಲೇ ಅದೇ ಕೆಲಸ ಮಾಡುವ ಹಳಬರಿಗೆ ಅದರ ಇಮ್ಮಡಿ ಎಂಬ ಎರಡು ದರ್ಜೆಯ ಪದ್ಧತಿಗೆ ಸಂಘವೇ ಒಪ್ಪಿತು. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು ಹುಟ್ಟಿದ ಸಂಸ್ಥೆಗೆ ಇದು ದಿವಾಳಿಗಿಂತ ದೊಡ್ಡ ಪೆಟ್ಟು ಎಂಬುದು ನನ್ನ ಅಭಿಪ್ರಾಯ. ಸಂಘದ ಹಣ ದುರುಪಯೋಗದ ಪ್ರಕರಣದಲ್ಲಿ ಇಬ್ಬರು ಮಾಜಿ ಅಧ್ಯಕ್ಷರು, ಡೆನಿಸ್ ವಿಲಿಯಮ್ಸ್ ಮತ್ತು ಗ್ಯಾರಿ ಜೋನ್ಸ್, ತಪ್ಪೊಪ್ಪಿಕೊಂಡು 2021ರಲ್ಲಿ ಜೈಲು ಶಿಕ್ಷೆಗೆ ಗುರಿಯಾದರು. ‘ಅತಿಯಾಸೆ’ ಎಂಬ ವಿಶೇಷಣಕ್ಕಿಂತ ಇಂತಹ ಒಂದು ಸಂಗತಿ ಹೆಚ್ಚು ಕೆಲಸ ಮಾಡುತ್ತದೆ.

ಕೆಲವು ಬಿಡಿ ತಿದ್ದುಪಡಿಗಳು. ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ ಐದು ಡಾಲರ್ ಕೊಟ್ಟದ್ದನ್ನು ಔದಾರ್ಯವೆಂದಿದ್ದೀರಿ. ಜೋಡಣಾ ಸಾಲಿನ ಕೆಲಸ ತಾಳಲಾರದೆ ಜನ ಬಿಟ್ಟು ಓಡುತ್ತಿದ್ದುದನ್ನೂ, ಆ ಹಣಕ್ಕೆ ಅರ್ಹರೇ ಎಂದು ನೋಡಲು ಕಂಪನಿಯವರು ಕಾರ್ಮಿಕರ ಮನೆಗೆ ಹೋಗಿ ತನಿಖೆ ಮಾಡುತ್ತಿದ್ದುದನ್ನೂ ಸೇರಿಸಿ. ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ನಡೆದ ಧರಣಿ ಕುರಿತ ಪುಟಗಳು ನಿಮ್ಮ ಬರಹದಲ್ಲೇ ಅತ್ಯುತ್ತಮವಾದವು, ಆದರೆ ಅಲ್ಲಿ ಸೇನೆ ಧರಣಿ ನಿರತರನ್ನು ಹೊರದಬ್ಬಿತೆಂದು ಬರೆದಿರುವುದು ತಪ್ಪು. 1936ರ ಡಿಸೆಂಬರ್ 30ರಿಂದ 44 ದಿನ ನಡೆದ ಆ ಧರಣಿಯಲ್ಲಿ ಗವರ್ನರ್ ಫ್ರ್ಯಾಂಕ್ ಮರ್ಫಿ ನ್ಯಾಷನಲ್ ಗಾರ್ಡ್ ಪಡೆಯನ್ನು ಕರೆಸಿದರೂ ಕಾರ್ಮಿಕರನ್ನು ಹೊರಹಾಕಲು ಅದನ್ನು ಬಳಸಲಿಲ್ಲ, ಮತ್ತು ಕಂಪನಿ ಮಾತುಕತೆಗೆ ಕೂರಲು ಇದೂ ಒಂದು ಮುಖ್ಯ ಕಾರಣ. 2009ರ ಪತನಕ್ಕೆ ಹಿಂದಿನ ವರ್ಷ ಪೆಟ್ರೋಲ್ ಗ್ಯಾಲನ್ನಿಗೆ ನಾಲ್ಕು ಡಾಲರ್ ದಾಟಿದ್ದೂ, ದೇಶದ ವಾಹನ ಮಾರಾಟ 2007ರ 1 ಕೋಟಿ 60 ಲಕ್ಷದ ಆಸುಪಾಸಿನಿಂದ ಎರಡೇ ವರ್ಷದಲ್ಲಿ 1 ಕೋಟಿ 4 ಲಕ್ಷದ ಹತ್ತಿರಕ್ಕೆ ಕುಸಿದದ್ದೂ ಕಾರಣಗಳು. ಅವು ನಿಮ್ಮಲ್ಲಿ ಇಲ್ಲವೇ ಇಲ್ಲ. ಕಥೆಯನ್ನು 2009ಕ್ಕೇ ನಿಲ್ಲಿಸಬೇಡಿ. ಸದಸ್ಯರ ನೇರ ಮತದಿಂದ ಸಂಘದ ಅಧ್ಯಕ್ಷರಾಗಿ ಗೆದ್ದ ಶಾನ್ ಫೇನ್ ನೇತೃತ್ವದಲ್ಲಿ 2023ರ ಸೆಪ್ಟೆಂಬರ್ 15ರಂದು ಜನರಲ್ ಮೋಟಾರ್ಸ್, ಫೋರ್ಡ್ ಮತ್ತು ಕ್ರೈಸ್ಲರ್‌ನ ಈಗಿನ ಒಡೆಯ ಸ್ಟೆಲಾಂಟಿಸ್ ಈ ಮೂರೂ ಕಂಪನಿಗಳ ವಿರುದ್ಧ ಏಕಕಾಲಕ್ಕೆ ಆರಂಭವಾದ ಮುಷ್ಕರ, ಅದರಿಂದ ಬಂದ ಶೇಕಡ 25ರ ಏರಿಕೆ, ಮರಳಿ ದೊರೆತ ತುಟ್ಟಿಭತ್ಯೆ, ಮರುವರ್ಷ ಟೆನೆಸಿಯ ಚಟ್ಟನೂಗದ ಫೋಕ್ಸ್‌ವ್ಯಾಗನ್ ಕಾರ್ಮಿಕರು ಸಂಘದ ಪರ ಹಾಕಿದ ಮತ, ಇವೆಲ್ಲ ‘ಸಂಘಗಳ ಯುಗ ಮುಗಿಯಿತು’ ಎಂಬ ನಿಮ್ಮ ಕೊನೆಯ ಸಾಲಿಗೆ ಎದುರು ನಿಂತಿವೆ.

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಆದ ಮುಷ್ಕರ ಮತ್ತು ಬೀಗಮುದ್ರೆಯ ಬಗ್ಗೆ ನೀವು ಅಂಟಿಸಿರುವ ಪ್ಯಾರಾವನ್ನು ತೆಗೆದುಬಿಡಿ. ಅಮೆರಿಕದಲ್ಲಿ 1935ರ ವ್ಯಾಗ್ನರ್ ಕಾಯ್ದೆಯಂತೆ ಬಹುಮತ ಪಡೆದ ಒಂದೇ ಸಂಘ ಎಲ್ಲರ ಪರವಾಗಿ ಮಾತುಕತೆ ನಡೆಸುತ್ತದೆ. 2020ರಲ್ಲಿ ನಮ್ಮ ಕಾನೂನಿನ ದಾರಿ ಬೇರೆಯಾಗಿತ್ತು, ವಿಮೆ ಮತ್ತು ಭವಿಷ್ಯನಿಧಿಯ ಏರ್ಪಾಡೂ ಬೇರೆ. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ, ಅದಕ್ಕಾಗಿ ನೀವು ಬಿಡದಿಗೆ ಹೋಗಿ ಕಾರ್ಮಿಕರನ್ನೂ ಅಧಿಕಾರಿಗಳನ್ನೂ ಮಾತನಾಡಿಸಬೇಕಾಗುತ್ತದೆ.

ಶೀರ್ಷಿಕೆಯನ್ನು ಲೇಖನ ಬರೆದು ಮುಗಿಸಿದ ಮೇಲೆ ಇಡಿ, 1950ರ ಒಪ್ಪಂದದಿಂದ ಲೇಖನ ಆರಂಭಿಸಿ, ಎಲ್ಲವನ್ನೂ 2500 ಪದಗಳೊಳಗೆ ತನ್ನಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿದರೆ ನಾನೇ ಓದುತ್ತೇನೆ.

ಇತಿ,
ಸಂಪಾದಕ