1970ರ ದಶಕದಲ್ಲಿ ಆಫ್ರಿಕಾದ ಊರಿನಲ್ಲಿ ಬೆಳೆದ ಕನ್ನಡಿಗರು ಯಾರಾದರೂ ಇದ್ದೀರಾ? ಆಗಿನ ದಿನನಿತ್ಯದ ಬದುಕು ಹೇಗಿತ್ತು?

ಇದ್ದೇನೆ. ನಾನು ಬೆಳೆದದ್ದು ಕೀನ್ಯಾದ ಮೊಂಬಾಸಾದಲ್ಲಿ. ನಾಲ್ಕನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಅದೇ ನನ್ನ ಊರು. ಆಫ್ರಿಕಾ ಅಂದ ಕೂಡಲೇ ಎಲ್ಲರೂ ಸಿಂಹ ನೋಡಿದ್ದೀರಾ ಅಂತ ಕೇಳುತ್ತಾರೆ. ಬೆಳಿಗ್ಗೆ ಏನು ತಿಂಡಿ ತಿನ್ನುತ್ತಿದ್ದಿರಿ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ನೀವು 'ದಿನನಿತ್ಯದ ಬದುಕು' ಅಂತ ಬರೆದದ್ದು ನೋಡಿ ತುಂಬಾ ಖುಷಿಯಾಯಿತು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಅಪ್ಪ ಉಡುಪಿ ಕಡೆಯವರು. ಮೊಂಬಾಸಾದ ಕಿಲಿಂಡಿನಿ ಬಂದರಿನ ಹತ್ತಿರ ಒಂದು ಹಡಗು ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವರದ್ದು. 1967ರಲ್ಲಿ ಅಮ್ಮ ನನ್ನನ್ನು ಕರೆದುಕೊಂಡು ಬೊಂಬಾಯಿಯಿಂದ 'ಕರಂಜಾ' ಹಡಗು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಅಲ್ಲಿ ತೆಂಗಿನಕಾಯಿ ಸಿಗುತ್ತದಾ? ಸಿಗುತ್ತದೆ ಅಂತ ಅಪ್ಪ ಕಾಗದದಲ್ಲಿ ಬರೆದಿದ್ದರು. ಅವಳು ನಂಬಿರಲಿಲ್ಲ. ಉಪ್ಪಿನಕಾಯಿ ಭರಣಿ, ಹಪ್ಪಳ, ಕುಚ್ಚಲಕ್ಕಿಯ ಜೊತೆ ಒಂದು ಗೋಣಿ ಕಾಯಿಯನ್ನೂ ಹೊತ್ತು ತಂದಿದ್ದಳು.

ಹಡಗು ಬಂದರಿನ ಒಳಗೆ ಬರುವಾಗ ಎರಡೂ ದಡದಲ್ಲಿ ಕಂಡದ್ದು ತೆಂಗಿನ ತೋಟ. ಅಮ್ಮ ಆ ಗೋಣಿಯ ಮೇಲೆ ಕೂತು ಅತ್ತುಬಿಟ್ಟಳಂತೆ. ಇದನ್ನು ಅವಳೇ ಎಷ್ಟೋ ಸಲ ಹೇಳಿದ್ದಾಳೆ.

ನಮ್ಮ ಬಾಡಿಗೆ ಮನೆ ಹಳೇ ಪೇಟೆಯಲ್ಲಿತ್ತು. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕು, ಅಂಥ ಓಣಿ. ಕೆತ್ತನೆಯ ಮರದ ಬಾಗಿಲು, ಸುಣ್ಣ ಬಳಿದ ದಪ್ಪ ಗೋಡೆ. ಮೊದಲ ದಿನ ಒಳಗೆ ಬಂದ ಅಮ್ಮ ತಲೆಯೆತ್ತಿ ಮಾಡು ನೋಡಿದಳು. ಅದು ಮಂಗಳೂರು ಹಂಚಿನ ಮಾಡು! ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಅಲ್ಲಿನ ಹಂಚು ಹಡಗಿನಲ್ಲಿ ಪೂರ್ವ ಆಫ್ರಿಕಾದ ಕರಾವಳಿಗೂ ಹೋಗುತ್ತಿತ್ತು. ನಮಗಿಂತ ಎಷ್ಟೋ ಮೊದಲೇ ನಮ್ಮೂರಿನ ಮಣ್ಣು ಅಲ್ಲಿಗೆ ಬಂದು ಬಿಸಿಲು ಮಳೆ ತಿನ್ನುತ್ತಿತ್ತು ಅಲ್ವಾ.

ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಸ್ವಾಹಿಲಿ ಹೆಂಗಸು ಇದ್ದರು. ನಾವು ಅವರನ್ನು 'ಬೀಬಿ' ಅಂತಲೇ ಕರೆಯುತ್ತಿದ್ದೆವು. ಅಲ್ಲಿ ಬೀಬಿ ಅಂದರೆ ಅಜ್ಜಿ. ನಾವು ಬಂದ ಮರುದಿನ ಅವರು ಅಂಗಳದಲ್ಲಿ ಒಂದು ಪುಟ್ಟ ಮರದ ಮಣೆಯ ಮೇಲೆ ಕೂತಿದ್ದರು. ಮಣೆಯ ತುದಿಯಲ್ಲಿ ಹಲ್ಲುಹಲ್ಲಿನ ಕಬ್ಬಿಣ. ಅದರಲ್ಲಿ ಕಾಯಿ ತುರಿಯುತ್ತಿದ್ದರು. ನಮ್ಮ ಹೆರೆಮಣೆಯೇ! ಅದನ್ನು ಅವರು 'ಮ್ಬೂಜಿ' ಅನ್ನುತ್ತಾರೆ. ಮ್ಬೂಜಿ ಅಂದರೆ ಆಡು. ಅಮ್ಮನಿಗೆ ಸ್ವಾಹಿಲಿಯ ಒಂದು ಶಬ್ದವೂ ಬರುತ್ತಿರಲಿಲ್ಲ. ಬೀಬಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ. ಅಮ್ಮ ಹೋಗಿ ಪಕ್ಕದಲ್ಲಿ ಕೂತಳು. ಬೀಬಿ ಎದ್ದು ಮಣೆ ಬಿಟ್ಟುಕೊಟ್ಟರು. ಉಳಿದ ಅರ್ಧ ಕಾಯಿಯನ್ನು ಅಮ್ಮ ತುರಿದಳು. ಅವರಿಬ್ಬರ ಸ್ನೇಹ ಶುರುವಾದದ್ದು ಹಾಗೆ. ಹದಿನೈದು ವರ್ಷ ನಡೆಯಿತು.

ಈಗ ತಿಂಡಿಯ ವಿಷಯ. ಬೆಳಿಗ್ಗೆ 'ಮಹಮ್ರಿ' ಮತ್ತು 'ಮ್ಬಾಜಿ'. ಮಹಮ್ರಿ ಅಂದರೆ ಏಲಕ್ಕಿ ಹಾಕಿ, ತೆಂಗಿನ ಹಾಲಿನಲ್ಲಿ ಕಲಸಿ, ಹುಳಿ ಬರಿಸಿ ಕರಿದ ಉಬ್ಬಿದ ರೊಟ್ಟಿ. ಮ್ಬಾಜಿ ಅಂದರೆ ತೊಗರಿಕಾಳನ್ನು ಬೇಯಿಸಿ ತೆಂಗಿನ ಹಾಲಿನಲ್ಲಿ ಕುದಿಸಿದ ಪದಾರ್ಥ. ಮೊದಲು ಎರಡನೇ ಹಾಲು ಹಾಕಿ ಕುದಿಸಬೇಕು, ಇಳಿಸುವ ಹೊತ್ತಿಗೆ ದಪ್ಪ ಹಾಲು. ನಮ್ಮ ಪಾಯಸಕ್ಕೆ ಮಾಡುತ್ತೇವಲ್ಲ, ಅದೇ ಕ್ರಮ. ಇನ್ನೊಂದು 'ವಿತುಂಬುವಾ'. ಅಕ್ಕಿ, ಕಾಯಿಹಾಲು, ಸಕ್ಕರೆ ಸೇರಿಸಿ ಗುಳಿ ಇರುವ ಕಾವಲಿಯಲ್ಲಿ ಬೇಯಿಸುವುದು. ಅಮ್ಮ ಅದನ್ನು ಗುಳಿಯಪ್ಪ ಅಂತಲೇ ಕರೆದಳು. 'ಮ್ಚಿಚಾ' ಸೊಪ್ಪು ಅಂದರೆ ನಮ್ಮ ಹರಿವೆ. 'ನ್ಗೂರು' ಮೀನು ಅಂದರೆ ಅಂಜಲ್. ಹಾಲು ಮಾತ್ರ ಬೇರೆ ಥರ. ಮೂರು ಮೂಲೆಯ ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಮೂಲೆ ಕತ್ತರಿಸುವ ಕೆಲಸಕ್ಕೆ ನಾನೂ ತಮ್ಮನೂ ದಿನಾ ಜಗಳ.

ಮೀನಿನವನ ಕತೆ ಹೇಳದಿದ್ದರೆ ಅಮ್ಮ ಬಿಡುವುದಿಲ್ಲ. ಅಲ್ಲಿ ಗಂಟೆ ಎಣಿಸುವ ರೀತಿಯೇ ಬೇರೆ. ಸಮಭಾಜಕಕ್ಕೆ ಹತ್ತಿರದ ಊರು, ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿ ಮುಳುಗುತ್ತಾನೆ. ಹಾಗಾಗಿ ಬೆಳಗಾದ ಮೇಲೆ ಒಂದರಿಂದ ಎಣಿಕೆ. ನಮ್ಮ ಏಳು ಗಂಟೆ ಅವರಿಗೆ 'ಸಾ ಮೋಜಾ', ಒಂದು ಗಂಟೆ. ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಆರು. ಕತ್ತಲಾದ ಮೇಲೆ ಮತ್ತೆ ಒಂದರಿಂದ. ಮೀನಿನವನು ನಾಳೆ 'ಸಾ ತಾತು'ಗೆ ಬರುತ್ತೇನೆ ಅಂದಿದ್ದ. ತಾತು ಅಂದರೆ ಮೂರು. ಅಮ್ಮ ಮಧ್ಯಾಹ್ನ ಮೂರರವರೆಗೆ ಮಸಾಲೆ ಅರೆದಿಟ್ಟು ಕಾದಳು. ಅವನು ಬೆಳಿಗ್ಗೆ ಒಂಬತ್ತಕ್ಕೇ ಬಂದು ಕೂಗಿ ಹೋಗಿದ್ದ. ಅವಳು ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಆ ದಿನ ಬರೀ ಮಸಾಲೆಯ ಸಾರು. ಬೀಬಿಗೆ ಹೇಗೋ ಗೊತ್ತಾಗಿ ರಾತ್ರಿ ಎರಡು ತುಂಡು ಹುರಿದ ಮೀನು ಕಳಿಸಿದರು.

ಇನ್ನು ಜಗಲಿ. ನಾನು ನಿಜವಾಗಿ ಹೇಳಬೇಕೆಂದಿದ್ದದ್ದು ಇದನ್ನೇ. ಮೊಂಬಾಸಾದ ಹಳೇ ಮನೆಗಳ ಎದುರು, ಬಾಗಿಲ ಎರಡೂ ಕಡೆ, ಗೋಡೆಗೆ ಅಂಟಿಕೊಂಡಂತೆ ಕಟ್ಟಿದ ಕೂರುವ ಕಟ್ಟೆ ಇರುತ್ತದೆ. ಅದಕ್ಕೆ 'ಬರಾಜಾ' ಅನ್ನುತ್ತಾರೆ. ಸಂಜೆಯ ನಮಾಜು ಮುಗಿದ ಮೇಲೆ ಗಂಡಸರೆಲ್ಲ ಅಲ್ಲಿ. ಬಂದರಿನ ಸುದ್ದಿ, ಮದುವೆಯ ಮಾತು, ಹಡಗಿನ ಸುದ್ದಿ, ಸರ್ಕಾರದ ಸುದ್ದಿ. ಅಂದಹಾಗೆ ಸರ್ಕಾರಕ್ಕೆ ಅಲ್ಲಿ 'ಸೆರಿಕಾಲಿ', ಬಂದರಿಗೆ 'ಬಂದಾರಿ', ಮೇಜಿಗೆ 'ಮೇಜಾ', ಸಾಬೂನಿಗೆ 'ಸಬೂನಿ', ಹಿಸಾಬಿಗೆ 'ಹೆಸಾಬು'. ಅರಬ್ಬರೂ ಪರ್ಷಿಯಾದವರೂ ಪೋರ್ಚುಗೀಸರೂ ಎರಡೂ ದಡಕ್ಕೆ ಬಂದು ಹೋಗಿದ್ದಾರೆ, ಶಬ್ದಗಳನ್ನು ಎರಡೂ ಕಡೆ ಬಿಟ್ಟು ಹೋಗಿದ್ದಾರೆ. ಉಳ್ಳಾಲದ ಅಬ್ಬಕ್ಕ ಎದುರಿಸಿದ ಅದೇ ಪೋರ್ಚುಗೀಸರು 1593ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ, ಫೋರ್ಟ್ ಜೀಸಸ್, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ.

ಬರಾಜಾದ ಮೇಲೆ ಕೂತವರ ಹತ್ತಿರ ಕಾಫಿ ಮಾರುವವನು ಬರುತ್ತಿದ್ದ. ಕೈಯಲ್ಲಿ ಹಿತ್ತಾಳೆಯ ಉದ್ದ ಮೂತಿಯ ಪಾತ್ರೆ, ಅಡಿಯಲ್ಲಿ ಕೆಂಡ. ಇನ್ನೊಂದು ಕೈಯಲ್ಲಿ ಪುಟ್ಟ ಪಿಂಗಾಣಿ ಬಟ್ಟಲುಗಳು, ಒಂದಕ್ಕೊಂದು ತಾಗಿಸಿ ಟಿಣ್ ಟಿಣ್ ಮಾಡುತ್ತಾ ಬರುವುದು. ಹಾಲಿಲ್ಲ, ಸಕ್ಕರೆಯೂ ಇಲ್ಲ. ಕಹಿ ಕಾಫಿಯ ಜೊತೆ ಕಚ್ಚಲು 'ಕಶಾತಾ', ಅಂದರೆ ಕಡಲೆಕಾಯಿ ಅಥವಾ ಕಾಯಿಯ ಮಿಠಾಯಿ. ನಮಗೆ ಮಕ್ಕಳಿಗೆ ಕಾಫಿ ಇಲ್ಲ, ಕಶಾತಾ ಮಾತ್ರ. ದೊಡ್ಡವರ ಎದುರು ಹೋದರೆ ಮೊದಲು 'ಶಿಕಮೋ' ಅನ್ನಬೇಕು. ನಿಮ್ಮ ಪಾದ ಹಿಡಿಯುತ್ತೇನೆ ಅಂತ ಅದರ ಅರ್ಥ. ಯಾರ ಮನೆಗೆ ಹೋದರೂ ಹೊರಗೆ ನಿಂತು 'ಹೋಡಿ' ಅಂತ ಕೂಗಬೇಕು. ಒಳಗಿನಿಂದ 'ಕರಿಬು' ಅಂದ ಮೇಲೆಯೇ ಹೊಸಿಲು ದಾಟುವುದು. ಇದನ್ನೆಲ್ಲ ನಮಗೆ ಕಲಿಸಿದ್ದು ಬೀಬಿ. ತಪ್ಪಿದರೆ ಕಿವಿ ಹಿಂಡುತ್ತಿದ್ದರು, ಅಮ್ಮ ಏನೂ ಅನ್ನುತ್ತಿರಲಿಲ್ಲ.

ಹೆಂಗಸರು ಉಡುತ್ತಿದ್ದ 'ಲೆಸೊ' ಬಟ್ಟೆಯ ಬಗ್ಗೆ ಒಂದು ಮಾತು. ಬಣ್ಣದ ಅಚ್ಚಿನ ಹತ್ತಿ ಬಟ್ಟೆ, ಜೋಡಿಯಾಗಿ ಮಾರುತ್ತಾರೆ. ಒಂದನ್ನು ಸೊಂಟಕ್ಕೆ ಸುತ್ತಿ, ಇನ್ನೊಂದನ್ನು ಹೊದೆಯುವುದು. ಕೆಳಗಡೆ ಒಂದು ಸಾಲು ಮಾತು ಅಚ್ಚಾಗಿರುತ್ತದೆ. ಬಿಯಾಶರಾ ಬೀದಿಯ ಅಂಗಡಿಗಳಲ್ಲಿ ಹೆಂಗಸರು ಬಣ್ಣಕ್ಕಿಂತ ಆ ಮಾತನ್ನೇ ಓದಿ ಆರಿಸುತ್ತಿದ್ದರು. ಒಮ್ಮೆ ಬೀಬಿಯ ಲೆಸೊ ಮೇಲಿದ್ದದ್ದನ್ನು ಓದಿ ಅಮ್ಮನಿಗೆ ಅರ್ಥ ಹೇಳಿದೆ. 'ಹಬಾ ನಾ ಹಬಾ ಹುಜಾಜಾ ಕಿಬಾಬಾ.' ಸ್ವಲ್ಪ ಸ್ವಲ್ಪ ಸೇರಿ ಕಿಬಾಬಾ ತುಂಬುತ್ತದೆ ಅಂತ. ಕಿಬಾಬಾ ಅಂದರೆ ಧಾನ್ಯ ಅಳೆಯುವ ಅಳತೆ. ಅಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಅಂದಳು, 'ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ.' ಬಳ್ಳವೂ ಅಳತೆಯೇ ಅಲ್ವಾ!

ಕಾಗೆಗಳೂ ನಮ್ಮವೇ. ಇದು ಉತ್ಪ್ರೇಕ್ಷೆ ಅಲ್ಲ. ನಮ್ಮ ದೇಶದ ಊರಕಾಗೆಯನ್ನು 1890ರ ದಶಕದಲ್ಲಿ ಜಾಂಜಿಬಾರ್‌ಗೆ ತಂದು ಬಿಟ್ಟರು, ಅಲ್ಲಿಂದ ಕರಾವಳಿಯುದ್ದಕ್ಕೂ ಹರಡಿದವು. ಅಲ್ಲಿನವರಿಗೆ ಅವುಗಳ ಕಾಟ ತುಂಬಾ. ಸಣ್ಣ ಹಕ್ಕಿಗಳ ಗೂಡಿನಿಂದ ಮೊಟ್ಟೆ, ಮರಿ ಕದಿಯುತ್ತವೆ. ಆದರೆ ಅಜ್ಜನ ತಿಥಿಯ ದಿನ ಅಮ್ಮ ಮೇಲೆ ಎಡೆ ಇಟ್ಟು ಕೈತಟ್ಟಿದರೆ ತಕ್ಷಣ ಬರುತ್ತಿದ್ದವು. ಪರದೇಶದ ಕಾಗೆಗೆ ನಮ್ಮ ಕರೆ ಗೊತ್ತಾಗುತ್ತದಾ ಅಂತ ಅವಳಿಗೆ ಸಂಶಯ ಇತ್ತು. ಅವೂ ಊರಿನವೇ ಅಂತ ಅಪ್ಪ ಹೇಳಿದ ಮೇಲೆ ಸಮಾಧಾನ ಆಯಿತು.

ಭಾನುವಾರ ಸಂಜೆ ಲೈಟ್‌ಹೌಸ್. ದೀಪಸ್ತಂಭದ ಹತ್ತಿರದ ಸಮುದ್ರದ ದಂಡೆಯನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದದ್ದು. ಊರಿನ ಅರ್ಧ ಭಾರತೀಯರು ಅಲ್ಲಿರುತ್ತಿದ್ದರು. ಗುಜರಾತಿಗಳೇ ಜಾಸ್ತಿ. ಮರಗೆಣಸನ್ನು ಕೆಂಡದಲ್ಲಿ ಸುಟ್ಟು, ನಡುವೆ ಸೀಳಿ, ಖಾರದ ಪುಡಿ ಉಪ್ಪು ತುಂಬಿ, ನಿಂಬೆ ಹಿಂಡಿ ಕೊಡುತ್ತಿದ್ದರು. ತೆಳ್ಳಗೆ ಕರಿದದ್ದೂ ಸಿಗುತ್ತಿತ್ತು. ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಿದ್ದೀರಾ? ಅದೇ ಮರ ಅಲ್ಲಿ ದಂಡೆಯುದ್ದಕ್ಕೂ ಇದೆ. ಅದರ ಬೀಜಕ್ಕೆ ಕೆಂಪು ಬಣ್ಣ, ಸಕ್ಕರೆ ಹಾಕಿ 'ಮಬೂಯು' ಅಂತ ಮಾರುತ್ತಾರೆ. ಚೀಪಿದರೆ ನಾಲಗೆ ಎರಡು ದಿನ ಕೆಂಪು. ಬಂದರಿಗೆ ಹೋಗುವ ದೊಡ್ಡ ಹಡಗುಗಳು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಾದು ಹೋಗುತ್ತಿದ್ದವು. ಅಪ್ಪ ಒಂದೊಂದರ ಹೆಸರು ಓದಿ, ಒಳಗೆ ಏನು ಸಾಮಾನು ಇದೆ ಅಂತ ಹೇಳುತ್ತಿದ್ದರು.

ಹಳೇ ಬಂದರಿಗೆ ಬರುತ್ತಿದ್ದದ್ದು ಹಾಯಿಹಡಗು. ಮಂಗಳೂರಿನವರು ಮಂಜಿ ಅನ್ನುತ್ತಾರಲ್ಲ, ಅಂಥದ್ದು. ಡಿಸೆಂಬರಿನಿಂದ 'ಕಸ್ಕಾಜಿ' ಗಾಳಿ ಬೀಸಿದಾಗ ಅರೇಬಿಯಾದ ಕಡೆಯಿಂದ ಖರ್ಜೂರ, ಜಮಖಾನೆ, ಒಣಮೀನು ಹೊತ್ತು ಬರುತ್ತಿದ್ದವು. ಏಪ್ರಿಲ್ ಹೊತ್ತಿಗೆ ಗಾಳಿ ತಿರುಗಿ 'ಕುಸಿ' ಆಗುತ್ತದೆ. ಆಗ ಅದೇ ಗಾಳಿ ಹಿಡಿದು ವಾಪಸ್. ಆ ಕುಸಿಯೇ ಸಮಭಾಜಕ ದಾಟಿ, ತಿರುಗಿ, ಜೂನಿನಲ್ಲಿ ನಮ್ಮ ಕರಾವಳಿಗೆ ಮಳೆ ತರುವ ಗಾಳಿಯನ್ನು ಸೇರುವುದು. ಬರಾಜಾದಲ್ಲಿ ಯಾರೋ ಮುದುಕರು ಹೇಳಿದ್ದನ್ನು ಅಪ್ಪ ಮನೆಗೆ ಬಂದು ಹೇಳಿದರು. ಅವತ್ತಿನಿಂದ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅಮ್ಮ ಕಿಟಕಿ ತೆರೆದು ನಿಲ್ಲುತ್ತಿದ್ದಳು. 'ಈ ಗಾಳಿ ಊರಿಗೆ ಹೋಗ್ತದೆ' ಅನ್ನುತ್ತಿದ್ದಳು. ಊರಿನಿಂದ ಕಾಗದ ಬರಲು ವಾರಗಟ್ಟಲೆ ಬೇಕಾಗುತ್ತಿದ್ದ ಕಾಲ ಅದು.

ಎಲ್ಲವೂ ಚಂದ ಇತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. 1972ರಲ್ಲಿ ಪಕ್ಕದ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯಾದವರಿಗೆ 90 ದಿನದಲ್ಲಿ ಹೊರಡಿ ಅಂದ. ಎಷ್ಟೋ ಜನ ಕಂಪಾಲಾದಿಂದ ರೈಲಿನಲ್ಲಿ ಬಂದು ಮೊಂಬಾಸಾದಲ್ಲಿ ಹಡಗು ಹತ್ತಿದರು. ಅಪ್ಪ ಅವರನ್ನು ಬಂದರಿನಲ್ಲಿ ನೋಡಿ ಬಂದು ಊಟ ಮಾಡದೆ ಮಲಗಿದ್ದು ನೆನಪಿದೆ. ಅವತ್ತಿನಿಂದ ಅಮ್ಮ ಪಾಸ್‌ಪೋರ್ಟು, ನಮ್ಮ ಶಾಲೆಯ ಪತ್ರಗಳು, ತನ್ನ ಕರಿಮಣಿ ಎಲ್ಲವನ್ನೂ ಒಂದೇ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಳು. 1978ರ ಆಗಸ್ಟ್ 22ರಂದು ಅಧ್ಯಕ್ಷ ಜೋಮೊ ಕೆನ್ಯಾಟಾ ತೀರಿಕೊಂಡದ್ದು ನಮ್ಮ ಊರಿನಲ್ಲೇ. ಮುಂದೇನು ಅಂತ ಎಲ್ಲರಿಗೂ ಭಯ, ಆದರೆ ಏನೂ ಆಗಲಿಲ್ಲ. 1982ರ ಆಗಸ್ಟ್ 1, ಭಾನುವಾರ, ವಾಯುಪಡೆಯ ಕೆಲವರು ದಂಗೆ ಎದ್ದರು. ನೈರೋಬಿಯಲ್ಲಿ ಭಾರತೀಯರ ಅಂಗಡಿ, ಮನೆಗಳು ಲೂಟಿಯಾದವು. ನಮ್ಮ ಓಣಿಯಲ್ಲಿ ಗಲಾಟೆ ಇರಲಿಲ್ಲ. ಆದರೂ ಆ ರಾತ್ರಿ ಬೀಬಿಯ ಇಬ್ಬರು ಗಂಡುಮಕ್ಕಳು ನಮ್ಮ ಬಾಗಿಲ ಬರಾಜಾದ ಮೇಲೆ ಚಾಪೆ ಹಾಕಿ ಮಲಗಿದರು. ಮರುದಿನವೂ ಬಂದು ಮಲಗಿದರು. ನಾವು ಕೇಳಿರಲಿಲ್ಲ. ಬೀಬಿಯೇ ಕಳಿಸಿದ್ದು.

ಅಪ್ಪನಿಗೆ ಮಾತ್ರ ಮನಸ್ಸು ಎದ್ದುಹೋಗಿತ್ತು. 1983ರ ಶುರುವಿನಲ್ಲಿ ಹೊರಟೆವು. ಹೊರಡುವ ದಿನ ಬೀಬಿ ಅವರ ಮ್ಬೂಜಿಯನ್ನು ಒಂದು ಲೆಸೊದಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟರು. ಹಳೆಯದು, ಅವರು ದಿನಾ ಕೂರುತ್ತಿದ್ದದ್ದೇ. ರಾತ್ರಿಯ ರೈಲಿನಲ್ಲಿ ನೈರೋಬಿಗೆ, ಅಲ್ಲಿಂದ ವಿಮಾನ. ಬೊಂಬಾಯಿಯಲ್ಲಿ ಕಸ್ಟಮ್ಸ್‌ನವರು ಇದೇನು ಕಬ್ಬಿಣ ಅಂತ ತಡೆದರು. ಅಮ್ಮ ಅಲ್ಲೇ ನೆಲದ ಮೇಲೆ ಮಣೆ ಇಟ್ಟು, ಕೂತು, ಕಾಯಿ ತುರಿಯುವ ಹಾಗೆ ಕೈ ಆಡಿಸಿ ತೋರಿಸಿದಳು. ಬಿಟ್ಟರು.

ಮರವನ್ನು ಉಡುಪಿಯ ಆಚಾರಿಯವರು ಎರಡು ಸಲ ಬದಲಾಯಿಸಿಕೊಟ್ಟಿದ್ದಾರೆ. ಕಬ್ಬಿಣ ಅದೇ. ಅಮ್ಮನಿಗೆ ಈಗ ನೆಲದ ಮೇಲೆ ಕೂರಲು ಆಗುವುದಿಲ್ಲ, ತುರಿಯುವುದು ನಾನೇ. ಮೇ ಕೊನೆಯಲ್ಲಿ ಪಡುವಣ ಗಾಳಿ ಜೋರಾಗಿ, ತೆಂಗಿನ ಮಡಲುಗಳು ಸದ್ದು ಮಾಡಲು ಶುರುವಾದರೆ, ಅವಳು ಜಗಲಿಯಲ್ಲಿ ಕುರ್ಚಿ ಹಾಕಿ ಕೂತುಕೊಳ್ಳುತ್ತಾಳೆ. ಕುಸಿ ಬಂತು, ಹಪ್ಪಳ ಒಳಗೆ ತೆಗೆದಿಡು ಅನ್ನುತ್ತಾಳೆ.